ಬೆಕ್ಕನ್ನು ಮಂಚದ ಕೆಳಗಿಂದ ಎಳೆಯಬೇಡಿ

ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂದಂತೆ ನಮ್ಮ ಕಾಲೇಜಿನಲ್ಲಿ ಒಂದು ಮಾತು ಓಡಾಡುತ್ತದೆ. “ರಜೆ ಮುಗಿಯೋ ತನಕ ನಮ್ಮ ಬೆಕ್ಕನ್ನ ಇಟ್ಕೋತೀಯಾ?” ಊರಿಗೆ ಹೋಗುವ ಹಾಸ್ಟೆಲ್‌ನವರು ಕೇಳುತ್ತಾರೆ, ಬಾಡಿಗೆ ಮನೆ ಬದಲಿಸುವವರು ಕೇಳುತ್ತಾರೆ, ಉಮ್ರಾಕ್ಕೆ ಹೊರಟವರ ಮಕ್ಕಳು ಕೇಳುತ್ತಾರೆ. ಕೇಳಿದ ತಕ್ಷಣ ನಾವು “ಹೂಂ, ತಾ” ಅಂದುಬಿಡುತ್ತೇವೆ. ಬೆಕ್ಕು ಯಾರಿಗೆ ಇಷ್ಟವಿಲ್ಲ? ಅದರಲ್ಲೂ ನಮ್ಮ ಮನೆಗಳಲ್ಲಿ ಅದು ಜಾನಮಾಜಿನ ಮೇಲೆ ಮಲಗಿದರೂ ಯಾರೂ ಗದರುವುದಿಲ್ಲ.

ನಾನೂ ಎರಡು ವರ್ಷದ ಹಿಂದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಾಗ, ಹಾಗೇ ಹೂಂ ಅಂದಿದ್ದೆ. ಆ ಬೆಕ್ಕು ಇವತ್ತಿನವರೆಗೂ ಸಿಕ್ಕಿಲ್ಲ.

ಪಕ್ಕದ ಗಲ್ಲಿಯ ಖಾಲಾ ಮನೆಯವರು ಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟಿದ್ದರು. ಅವರ ಬಿಳಿ ಬೆಕ್ಕು ಚಾಂದನಿಯನ್ನು ಒಂದು ತರಕಾರಿ ಬುಟ್ಟಿಯಲ್ಲಿ ಮುಚ್ಚಿ ತಂದು ನಮ್ಮ ಹಾಲ್‌ನಲ್ಲಿ ಬಿಟ್ಟರು. ಬಿಟ್ಟ ಕೂಡಲೇ ಅವಳು ದಿವಾನ್ ಮಂಚದ ಕೆಳಗೆ ಹೋಗಿ ಗೋಡೆಗೆ ಅಂಟಿಕೊಂಡಳು. ನಾವು ಏನು ಮಾಡಿದೆವು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಪೊರಕೆ ಕಡ್ಡಿ ಆಡಿಸಿ ಹೊರಗೆ ಎಳೆದೆವು. ಚಾಚಾನ ಮಕ್ಕಳು ನಾಲ್ವರು ಸರದಿಯಂತೆ ಎತ್ತಿಕೊಂಡರು. ಒಬ್ಬ ವಿಡಿಯೋ ಮಾಡಿದ. ಹೊರಗಿನಿಂದ ಬಂದದ್ದು, ಕೊಳೆ ಇರುತ್ತದೆ ಎಂದು ಅಮ್ಮಿ ಬಚ್ಚಲಿನಲ್ಲಿ ಸ್ನಾನ ಮಾಡಿಸಿದರು. ಒಂದು ಬಟ್ಟಲು ಹಾಲಿಟ್ಟೆವು, ಮುಟ್ಟಲಿಲ್ಲ. ಮತ್ತೆ ಮಂಚದ ಕೆಳಗೆ ಹೋದಳು, ಮತ್ತೆ ಎಳೆದೆವು. ಮಗ್ರಿಬ್ ಆದ ಮೇಲೆ ಅಬ್ಬಾ ಮಸೀದಿಯಿಂದ ಬಂದು ಬಾಗಿಲು ತೆಗೆದಾಗ ಅವರ ಕಾಲ ಸಂದಿಯಿಂದ ಬಿಳಿ ಗೆರೆಯಂತೆ ಏನೋ ಹೋಯಿತು. ಅಷ್ಟೇ.

ನಾಲ್ಕು ದಿನ ಹುಡುಕಿದೆವು. ಖಾಲಾ ಮನೆಯವರು ವಾಪಸ್ ಬಂದಾಗ ಅವರ ಏಳು ವರ್ಷದ ಹುಡುಗ ನಮ್ಮ ಬಾಗಿಲಲ್ಲಿ ಅದೇ ಬುಟ್ಟಿ ಹಿಡಿದು ನಿಂತಿದ್ದ. “ಆಪಾ, ಚಾಂದನಿ ಎಲ್ಲಿ?” ಅಂದ. ಅಮ್ಮಿ ಏನೋ ಹೇಳಿದರು. ನಾನು ಒಳಗೆ ಹೋಗಿಬಿಟ್ಟೆ.

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ನಾವೆಲ್ಲ ಕನ್ನಡ ಪಾಠದಲ್ಲಿ ವಿಸ್ತರಿಸಿ ಬರೆದಿದ್ದೇವೆ. ಆ ದಿನ ನಮ್ಮ ಹಾಲ್‌ನಲ್ಲಿ ಬೆಕ್ಕೇ ಇಲಿಯಾಗಿತ್ತು. ನಮ್ಮಲ್ಲಿ ಒಬ್ಬರೂ ಕ್ರೂರಿಗಳಾಗಿರಲಿಲ್ಲ. ಎಲ್ಲರಿಗೂ ಅದರ ಮೇಲೆ ಪ್ರೀತಿಯೇ ಇತ್ತು. ನನ್ನ ತಕರಾರು ಇರುವುದು ಆ ಪ್ರೀತಿಯ ಮೇಲೆಯೇ. ಹೊಸ ಮನೆಗೆ ಬಂದ ಬೆಕ್ಕಿಗೆ ಮೊದಲು ಬೇಕಾದದ್ದು ನಾವು ಅದಕ್ಕೆ ಏನೂ ಮಾಡದೆ ಇರುವುದು. ಇದನ್ನು ಒಪ್ಪಿಕೊಳ್ಳಲು ಪ್ರೀತಿ ಇರುವವರಿಗೇ ಹೆಚ್ಚು ಕಷ್ಟ.

ಈ ವರ್ಷ ಉಮ್ರಾಕ್ಕೆ ಹೊರಟ ಅದೇ ಖಾಲಾ ಮತ್ತೆ ನಮ್ಮ ಮನೆಗೇ ಬಂದರು. ಚಾಂದನಿ ಹೋದ ಮೇಲೆ ಅವರ ಮನೆಗೆ ಒಂದು ಕೆಂಚು ಬೆಕ್ಕು ಬಂದಿತ್ತು, ಹೆಸರು ಶೇರು. ಹದಿನೈದು ದಿನ ಇಟ್ಟುಕೊಳ್ಳಬೇಕು. ಬೇರೆ ಯಾರೂ ಇರಲಿಲ್ಲವೋ, ಅಥವಾ ನಮಗೆ ಇನ್ನೊಂದು ಅವಕಾಶ ಕೊಡಬೇಕೆಂದು ಅನ್ನಿಸಿತೋ, ನನಗೆ ಗೊತ್ತಿಲ್ಲ. “ಈ ಸಲ ಬಾಗಿಲು ನೋಡ್ಕೋ ಬೇಟಾ” ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ಈ ಸಲ ಬೆಕ್ಕು ಬರುವ ಮೊದಲೇ ದನದ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಎಮ್ಮೆಗೆ ಇಂಜೆಕ್ಷನ್ ಕೊಡುತ್ತಲೇ ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅವರ ಮೊದಲ ಮಾತು: “ನಾಯಿ ಮನುಷ್ಯರ ಜೊತೆ ಹೊಂದಿಕೊಂಡಿರುತ್ತೆ, ಬೆಕ್ಕು ಜಾಗದ ಜೊತೆ. ನೀವು ಅದರ ಜಾಗ ಕಿತ್ತುಕೊಂಡಿದ್ದೀರಿ ಅಂತ ತಿಳ್ಕೊಳ್ಳಿ.” ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಪಾದಗಳಲ್ಲಿ ವಾಸನೆಯ ಗ್ರಂಥಿಗಳಿವೆ. ನಮ್ಮ ಕಾಲಿಗೆ, ಬಾಗಿಲ ಮೂಲೆಗೆ ಕೆನ್ನೆ ಉಜ್ಜುವಾಗ ಅದು ತನ್ನ ವಾಸನೆಯನ್ನು ಅಲ್ಲಿ ಅಂಟಿಸುತ್ತದೆ. ದಿನವೂ ಉಜ್ಜಿ ಉಜ್ಜಿ ಇಡೀ ಮನೆಗೆ ‘ಇದು ನನ್ನದು, ಇಲ್ಲಿ ಭಯವಿಲ್ಲ’ ಎಂದು ಬರೆದಿಟ್ಟುಕೊಂಡಿರುತ್ತದೆ. ಆ ಬರಹ ನಮಗೆ ಕಾಣುವುದಿಲ್ಲ. ಹೊಸ ಮನೆಯಲ್ಲಿ ಅಂಥದ್ದು ಒಂದಕ್ಷರವೂ ಇರುವುದಿಲ್ಲ, ಇರುವುದೆಲ್ಲ ಬೇರೆಯವರ ವಾಸನೆ, ಕುಕ್ಕರ್ ಸೀಟಿ, ಮಿಕ್ಸಿ ಸದ್ದು. ಮೈಮೇಲೆ ಉಳಿದಿರುವ ತನ್ನ ವಾಸನೆಯೊಂದೇ ಅದಕ್ಕೆ ಪರಿಚಿತ. ನಾವು ಚಾಂದನಿಗೆ ಸ್ನಾನ ಮಾಡಿಸಿ ಅದನ್ನೂ ತೊಳೆದು ಕಳೆದಿದ್ದೆವು.

ಇದನ್ನು ಕೇಳಿಸಿಕೊಂಡಾಗ ಎಮ್ಮೆಯ ಪಕ್ಕದಲ್ಲೇ ನನ್ನ ಕಣ್ಣಲ್ಲಿ ನೀರು ಬಂತು. ಎಮ್ಮೆಯ ಮಾಲೀಕರು ಎಮ್ಮೆಗಾಗಿ ಅಳುತ್ತಿದ್ದೇನೆ ಅಂದುಕೊಂಡಿರಬೇಕು, “ಏನಾಗಲ್ಲಮ್ಮ, ಜ್ವರ ಅಷ್ಟೆ” ಅಂದರು.

ಶೇರುಗೆ ನಾನು ನಮ್ಮ ಸಾಮಾನು ಕೋಣೆಯನ್ನು ಕೊಟ್ಟೆ. ಎಂಟಡಿ ಆರಡಿಯ ಕೋಣೆ, ಒಂದು ಕಿಟಕಿ, ಕಿಟಕಿಗೆ ಸೊಳ್ಳೆ ಜಾಲರಿ. ಹೊಸ ಜಾಗದಲ್ಲಿ ಬೆಕ್ಕಿಗೆ ದೊಡ್ಡ ಮನೆ ವರವಲ್ಲ, ಹೊರೆ. ಒಂದು ಕೋಣೆಯನ್ನು ಅದು ಒಂದೆರಡು ದಿನದಲ್ಲಿ ಮೂಸಿ ಮುಗಿಸಬಲ್ಲದು. ಮೂಲೆಯಲ್ಲಿ ಒಂದು ರಟ್ಟಿನ ಡಬ್ಬವನ್ನು ಮಗ್ಗುಲಾಗಿ ಮಲಗಿಸಿ, ಬಾಯಿ ಗೋಡೆಯ ಕಡೆಗೆ ಸ್ವಲ್ಪ ತಿರುಗಿಸಿಟ್ಟೆ. ಅದರೊಳಗೆ ಖಾಲಾ ಕೊಟ್ಟ ಹಳೆಯ ದುಪ್ಪಟ್ಟಾ, ಶೇರು ದಿನವೂ ಮಲಗುತ್ತಿದ್ದದ್ದು, ಒಗೆಯದ್ದು. ಖಾಲಾ ಅದನ್ನು ಒಗೆದು ಇಸ್ತ್ರಿ ಮಾಡಿ ಕೊಡಲು ಹೊರಟಿದ್ದರು, ಬೇಡ ಎಂದು ಓಡಿಹೋಗಿ ಕಸಿದುಕೊಂಡು ಬಂದೆ. ಅನ್ನ ನೀರು ಒಂದು ಕಡೆ, ಮರಳಿನ ಟಬ್ ಅದರ ಎದುರಿನ ಮೂಲೆಯಲ್ಲಿ. ಮರಳು ಕೂಡ ಅವರ ಮನೆಯದೇ, ಒಂದು ಹಿಡಿ ಅವನು ಬಳಸಿದ್ದು ಸೇರಿಸಿ. ಅಮ್ಮಿ ಮೂಗು ಮುಚ್ಚಿಕೊಂಡರು. ಆದರೆ ಆ ಹಿಡಿ ಮರಳಿನಿಂದಾಗಿಯೇ ಅವನಿಗೆ ಆ ಜಾಗ ಯಾವುದಕ್ಕೆ ಎಂದು ಹೇಳಿಕೊಡಬೇಕಾಗಲಿಲ್ಲ.

ರಟ್ಟಿನ ಡಬ್ಬದ ವಿಷಯ ತಮಾಷೆಯಲ್ಲ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಆಶ್ರಯ ಕೇಂದ್ರಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಿಕೊಳ್ಳಲು ಡಬ್ಬ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. ಡಬ್ಬ ಸಿಕ್ಕವು ಮೊದಲ ಕೆಲವು ದಿನಗಳಲ್ಲೇ ಸುಧಾರಿಸಿಕೊಂಡವು, ಸಿಗದವು ನಿಧಾನವಾದವು. ಅಡಗಿಕೊಂಡ ಬೆಕ್ಕು ಹೆದರಿದೆ ಎಂದು ನಾವು ಅದನ್ನು ಎಳೆದು ಸಮಾಧಾನ ಮಾಡಲು ಹೋಗುತ್ತೇವಲ್ಲ, ಅಡಗಿಕೊಳ್ಳುವುದೇ ಅದು ತನಗೆ ತಾನು ಮಾಡಿಕೊಳ್ಳುತ್ತಿರುವ ಸಮಾಧಾನ.

ಮೊದಲ ದಿನ ಶೇರು ಡಬ್ಬದೊಳಗೆ ಹೋದವನು ಕಾಣಲೇ ಇಲ್ಲ. ಇಡೀ ದಿನ ಏನೂ ತಿನ್ನಲಿಲ್ಲ. ನನ್ನ ಕೈ ಎಷ್ಟು ಸಲ ಡಬ್ಬದ ಕಡೆ ಹೋಯಿತೋ, ಅಷ್ಟು ಸಲ ಹಿಂದೆ ತೆಗೆದೆ. ಆ ರಾತ್ರಿ ಅಕೌಂಟೆನ್ಸಿ ಪುಸ್ತಕ ಹಿಡಿದು ಕೋಣೆಯ ಬಾಗಿಲ ಬಳಿ ನೆಲದ ಮೇಲೆ ಕೂತು, ಅವನಿಗೆ ಬೆನ್ನು ಹಾಕಿ, ಪಾಲುದಾರಿಕೆ ಅಧ್ಯಾಯವನ್ನು ಮೆಲ್ಲಗೆ ಗಟ್ಟಿಯಾಗಿ ಓದಿದೆ. ಅವನಿಗೆ ನನ್ನ ಧ್ವನಿ ಪರಿಚಯವಾಗಲಿ ಎಂದು. ಪಾಲುದಾರ ನಿವೃತ್ತನಾದಾಗ ಕೀರ್ತಿಮೌಲ್ಯ ಹೇಗೆ ಹಂಚಬೇಕು ಎಂಬುದು ನನಗೆ ಗಟ್ಟಿಯಾಗಿ ತಲೆಗೆ ಹತ್ತಿದ್ದು ಆವತ್ತೇ.

ಎರಡನೆಯ ದಿನ ನೀರು ಕಡಿಮೆಯಾಗಿತ್ತು, ಟಬ್‌ನಲ್ಲಿ ಮರಳು ಒಂದು ಕಡೆ ಗಟ್ಟಿಯಾಗಿತ್ತು. ಊಟ ಹಾಗೇ ಇತ್ತು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸುಮ್ಮನೆ ಬಿಡಿ ಎಂದರೆ ನೋಡದೆ ಬಿಡಿ ಎಂದಲ್ಲ. ಬೆಕ್ಕು, ಅದರಲ್ಲೂ ಸ್ವಲ್ಪ ದಪ್ಪಗಿರುವ ಬೆಕ್ಕು, ಒಂದೆರಡು ದಿನಕ್ಕಿಂತ ಹೆಚ್ಚು ಉಪವಾಸವಿದ್ದರೆ ಅದರ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಗಂಡು ಬೆಕ್ಕಿಗೆ ಒತ್ತಡದಲ್ಲಿ ಮೂತ್ರದ ದಾರಿ ಕಟ್ಟಿಕೊಳ್ಳಬಹುದು. ಮತ್ತೆ ಮತ್ತೆ ಟಬ್‌ಗೆ ಹೋಗಿ ಕೂತು, ತಿಣುಕಿ, ಏನೂ ಬಾರದೆ ಎದ್ದು ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಹಾಗಾಗಿ ನಾನು ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು ಲೆಕ್ಕ ಇಟ್ಟೆ: ಒಳಗೆ ಹೋದದ್ದು, ಹೊರಗೆ ಬಂದದ್ದು. ನಮ್ಮ ಲೆಕ್ಚರರ್ ನೋಡಿದ್ದರೆ ಖುಷಿಪಡುತ್ತಿದ್ದರು.

ಆ ಸಂಜೆ ಅವನು ತಿನ್ನದಿದ್ದರೆ ಮರುದಿನ ಬೆಳಿಗ್ಗೆ ಆಸ್ಪತ್ರೆ ಎಂದು ತೀರ್ಮಾನಿಸಿದ್ದೆ. ಖಾಲಾ ಕೊಟ್ಟಿದ್ದ ಅದೇ ಬ್ರಾಂಡಿನ ಕಾಳುಗಳ ಜೊತೆ, ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿಯ ಬಿಸಿ ಚೂರು ಇಟ್ಟು ಬಾಗಿಲು ಹಾಕಿಕೊಂಡು ಬಂದೆ. ಬೆಚ್ಚಗಿದ್ದರೆ ವಾಸನೆ ಹೆಚ್ಚು ಬರುತ್ತದೆ, ಬೆಕ್ಕು ಮೂಗಿನಿಂದಲೇ ಊಟ ತೀರ್ಮಾನಿಸುತ್ತದೆ. ಇಶಾ ಮುಗಿಸಿ ಹೋಗಿ ನೋಡಿದರೆ ತಟ್ಟೆ ನೆಕ್ಕಿ ಹೊಳೆಯುತ್ತಿತ್ತು. ಆ ತಟ್ಟೆಯನ್ನು ಅಮ್ಮಿಗೆ, ಅಬ್ಬಾಗೆ, ನಾನಿಗೆ ತೋರಿಸಿಕೊಂಡು ಬಂದೆ. ನಾನಿ ಮಾತ್ರ ತಟ್ಟೆ ನೋಡಲಿಲ್ಲ. ಅವರಿಗೆ ಬೇರೆ ಚಿಂತೆ ಇತ್ತು.

“ಬಿಲ್ಲಿಕು ಬಂದ್ ಕರ್‌ಕೊ ನಕ್ಕೋ ರಖೋ” ಎಂದು ನಾನಿ ಮೊದಲ ದಿನದಿಂದಲೇ ಹೇಳುತ್ತಿದ್ದರು. ಬೆಕ್ಕನ್ನು ಕೂಡಿಹಾಕಬೇಡ, ಆ ಹೆಂಗಸಿನ ಕಥೆ ಗೊತ್ತಿಲ್ಲವಾ ಎಂದು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಹದೀಸ್ ಅದು. ಒಬ್ಬ ಹೆಂಗಸು ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ್ದಕ್ಕೆ ನರಕಕ್ಕೆ ಹೋದಳು ಎಂದು ಬುಖಾರಿ, ಮುಸ್ಲಿಂ ಎರಡು ಸಂಗ್ರಹಗಳಲ್ಲೂ ಇದೆ. ನಾನಿ ಅದನ್ನು ಸುಮ್ಮನೆ ಹೇಳಲಿಲ್ಲ, ನಿಜವಾಗಿ ಹೆದರಿ ಹೇಳಿದ್ದು. ಮೂರನೆಯ ದಿನಕ್ಕೆ ನನಗೂ ಭಯ ಶುರುವಾಯಿತು. ಚಾಂದನಿಯನ್ನು ಬಾಗಿಲು ತೆರೆದು ಕಳೆದುಕೊಂಡೆ, ಶೇರುವನ್ನು ಬಾಗಿಲು ಮುಚ್ಚಿ ಪಾಪ ಕಟ್ಟಿಕೊಳ್ಳುತ್ತಿದ್ದೇನೆಯೇ?

ನಮಗೆ ದೀನಿಯಾತ್ ಪಾಠ ಮಾಡುವ ಹಜ್ರತ್‌ರನ್ನು ಕೇಳಿದೆ. ಅವರು ನಗಲಿಲ್ಲ, ಅದು ನನಗೆ ಇಷ್ಟವಾಯಿತು. ಆ ಹದೀಸನ್ನು ಕೊನೆಯವರೆಗೆ ಓದು ಎಂದರು. ಅವಳು ಬೆಕ್ಕನ್ನು ಹಿಡಿದಿಟ್ಟಳು, ತಾನೂ ಉಣ್ಣಿಸಲಿಲ್ಲ, ಅದೇ ಹೋಗಿ ನೆಲದ ಮೇಲಿನ ಹುಳುಹುಪ್ಪಟೆ ತಿನ್ನಲೂ ಬಿಡಲಿಲ್ಲ. ತಪ್ಪು ಇರುವುದು ಆ ಎರಡೂ ಕೂಡಿದ್ದರಲ್ಲಿ. ಇಟ್ಟುಕೊಂಡವರ ಮೇಲೆ ಅದರ ಹೊಟ್ಟೆಯ ಹೊಣೆ ಬೀಳುತ್ತದೆ ಎಂಬುದು ಅದರ ಅರ್ಥವೇ ಹೊರತು ಬೆಕ್ಕಿಗೆ ಬಾಗಿಲು ಹಾಕಲೇಬಾರದು ಎಂದಲ್ಲ ಎಂದರು. ಆಮೇಲೆ ಅವರೇ ಕೇಳಿದರು, “ನೀನು ಬಾಗಿಲು ಹಾಕಿದ್ದು ಯಾರಿಗೋಸ್ಕರ? ನಿನ್ನ ಅನುಕೂಲಕ್ಕಾ, ಅದರ ಅನುಕೂಲಕ್ಕಾ?”

ಈ ಪ್ರಶ್ನೆಯನ್ನು ನಾನು ನಾನಿಗೆ ಮಾತ್ರವಲ್ಲ, ನಮ್ಮ ಕಾಲೇಜಿನ ಕೆಲವು ಸ್ನೇಹಿತರಿಗೂ ದಾಟಿಸಬೇಕು. ಬೆಕ್ಕು ಬಂದ ಮೊದಲ ದಿನವೇ ಇಡೀ ಮನೆಯಲ್ಲಿ ‘ಸ್ವತಂತ್ರವಾಗಿ’ ಬಿಡುವವರು ತಮ್ಮನ್ನು ದಯಾಳುಗಳು ಅಂದುಕೊಳ್ಳುತ್ತಾರೆ. ಆದರೆ ತೆರೆದ ಬಾಗಿಲಿನಿಂದ ಹೋದ ಬೆಕ್ಕು ಗೊತ್ತಿಲ್ಲದ ಗಲ್ಲಿಯಲ್ಲಿ ನಾಯಿಗೋ ಗಾಡಿಗೋ ಸಿಗುತ್ತದೆ, ಇಲ್ಲವೇ ಯಾವುದೋ ಚರಂಡಿಯೊಳಗೆ ಸದ್ದಿಲ್ಲದೆ ಕೂತಿರುತ್ತದೆ. ಅದಕ್ಕೆ ವಾಪಸ್ ಬರಲು ನಮ್ಮ ಮನೆ ಇನ್ನೂ ಮನೆಯೇ ಆಗಿರುವುದಿಲ್ಲ. ಇನ್ನೊಂದು ಕಡೆ, ತಮಗೆ ರಗಳೆ ಬೇಡವೆಂದು ಬಾತ್‌ರೂಮಿನಲ್ಲಿ ಹಾಕಿ ಮರೆತುಬಿಡುವವರೂ ಇದ್ದಾರೆ. ಇಬ್ಬರ ಬಾಗಿಲೂ ತಪ್ಪೇ. ನಾನು ಹಾಕಿದ ಬಾಗಿಲಿನ ಒಳಗೆ ಊಟ, ನೀರು, ಮರಳು, ಅಡಗಲು ಡಬ್ಬ, ಕಿಟಕಿ ಇದ್ದವು. ದಿನಕ್ಕೆ ನಾಲ್ಕು ಸಲ ಹೋಗಿ ಸುಮ್ಮನೆ ಕೂರುವ ಒಬ್ಬಳು ಇದ್ದಳು. ಮುಖ್ಯವಾಗಿ, ಬಾಗಿಲು ತೆರೆಯುವ ದಿನವನ್ನು ಬೆಕ್ಕೇ ಹೇಳಬೇಕಿತ್ತು.

ಹೇಳಿತು ಕೂಡ. ನಾಲ್ಕನೆಯ ರಾತ್ರಿ ಡಬ್ಬದಿಂದ ಹೊರಬಂದು ನನ್ನ ಪುಸ್ತಕದ ಮೂಲೆಗೆ ಕೆನ್ನೆ ಉಜ್ಜಿದ. ನಾನು ಅಲ್ಲಾಡಲಿಲ್ಲ. ದಿಟ್ಟಿಸಿ ನೋಡಿದರೆ ಬೆಕ್ಕಿಗೆ ಅದು ಬೆದರಿಕೆ. ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಅದಕ್ಕೆ ನಿರಾಳ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದಾರೆ. ಹಾಗೆ ಮಾಡಿದವರ ಹತ್ತಿರ ಅಪರಿಚಿತ ಬೆಕ್ಕುಗಳೂ ಬರಲು ಮನಸ್ಸು ಮಾಡಿದವಂತೆ. ನಾನು ಮಾಡಿ ನೋಡಿದೆ. ಅವನೂ ಅರ್ಧ ಕಣ್ಣು ಮುಚ್ಚಿದ. ನಿದ್ದೆ ಬಂದು ಮುಚ್ಚಿದನೋ ಏನೋ, ನಾನಂತೂ ಅದನ್ನು ಉತ್ತರವೆಂದೇ ತೆಗೆದುಕೊಂಡೆ. ಆರನೆಯ ದಿನ ಬಾಗಿಲನ್ನು ಒಳಗಿನಿಂದ ಕೆರೆದ. ಎಲ್ಲ ಹೊರಬಾಗಿಲುಗಳಿಗೆ ಚಿಲಕ ಹಾಕಿ, ಪಕ್ಕದ ಕೋಣೆಯೊಂದನ್ನು ಮಾತ್ರ ಅವನಿಗೆ ಬಿಟ್ಟೆವು. ಸಾಮಾನು ಕೋಣೆಯ ಬಾಗಿಲು ತೆರೆದೇ ಇತ್ತು. ಮಿಕ್ಸಿ ಹಾಕಿದಾಗಲೆಲ್ಲ ಓಡಿಹೋಗಿ ಡಬ್ಬ ಸೇರಿಕೊಳ್ಳುತ್ತಿದ್ದ, ಐದು ನಿಮಿಷದ ಮೇಲೆ ತಾನೇ ಬರುತ್ತಿದ್ದ.

ನಾನಿಯ ಚಿಂತೆ ಹೋದದ್ದು ಹಜ್ರತ್ ಹೇಳಿದ ಮಾತಿನಿಂದಲ್ಲ. ಹತ್ತನೆಯ ದಿನ ಅವರು ವಜೂ ಮಾಡುತ್ತಿದ್ದಾಗ ಶೇರು ಬಂದು ಚೊಂಬಿಗೆ ಮುಖ ಹಾಕಿದ. ನಾನು ಓಡಿಸಲು ಹೋದೆ. ನಾನಿ ಕೈ ಅಡ್ಡ ಹಿಡಿದು ಚೊಂಬನ್ನು ಅವನ ಕಡೆ ಬಾಗಿಸಿದರು. ಹಜ್ರತ್ ಅಬೂ ಕತಾದಾ (ರ) ತಮ್ಮ ಸೊಸೆಯ ಎದುರಿಗೆ ಇದನ್ನೇ ಮಾಡಿದ್ದರು. ವಜೂ ನೀರಿಗೆ ಬಂದ ಬೆಕ್ಕಿಗೆ ಪಾತ್ರೆ ಬಾಗಿಸಿ, ಅದು ಕುಡಿದು ಮುಗಿಸುವ ತನಕ ಹಿಡಿದುಕೊಂಡಿದ್ದರು. ಸೊಸೆ ಆಶ್ಚರ್ಯದಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ನಮ್ಮ ಸುತ್ತ ಓಡಾಡಿಕೊಂಡಿರುವ ಜೀವ ಅದು ಎಂದು ಪ್ರವಾದಿ (ಸ) ಹೇಳಿದ್ದನ್ನು ನೆನಪಿಸಿದರು. ಈ ಘಟನೆಯಲ್ಲಿ ನನಗೆ ಹಿಡಿಸುವುದು ಒಂದು ಚಿಕ್ಕ ವಿಷಯ. ಅಬೂ ಕತಾದಾ (ರ) ಆ ಬೆಕ್ಕನ್ನು ಎತ್ತಿಕೊಳ್ಳಲಿಲ್ಲ, ಮುದ್ದು ಮಾಡಲಿಲ್ಲ. ಅದಕ್ಕೆ ಬೇಕಾದದ್ದು ನೀರು, ಅದನ್ನು ಎಟುಕುವಂತೆ ಮಾಡಿ ಕಾದರು.

ನಮ್ಮ ಮೊಬೈಲ್‌ಗಳಲ್ಲಿ ಓಡಾಡುವುದು ಬೇರೆ ಕಥೆ. ಮುಅಝ್ಝಾ ಎಂಬ ಬೆಕ್ಕು ತೋಳಿನ ಮೇಲೆ ಮಲಗಿತ್ತು, ಪ್ರವಾದಿಯವರು (ಸ) ಅದನ್ನು ಎಬ್ಬಿಸದೆ ನಿಲುವಂಗಿಯ ತೋಳನ್ನೇ ಕತ್ತರಿಸಿದರು ಎಂದು. ಕೇಳಲು ಚೆನ್ನಾಗಿದೆ, ಆದರೆ ಪ್ರಮಾಣವಾದ ಹದೀಸ್ ಸಂಗ್ರಹಗಳಲ್ಲಿ ಅದು ಇಲ್ಲ ಎಂದು ಹಜ್ರತ್ ಹೇಳಿದರು. ಇಲ್ಲದ ಕಥೆಯನ್ನು ಹಾಡು ಹಾಕಿ ಸ್ಟೇಟಸ್ ಇಡುತ್ತೇವೆ, ಇರುವ ಕಥೆಯಂತೆ ಒಂದು ಚೊಂಬು ಬಾಗಿಸುವುದಿಲ್ಲ. ಸ್ಟೇಟಸ್ ಇಟ್ಟವರೇ ಹೊಸ ಬೆಕ್ಕನ್ನು ಎತ್ತಿಕೊಂಡು ಕ್ಯಾಮೆರಾಗೆ ಹಿಡಿಯುವುದನ್ನು ನೋಡಿದ್ದೇನೆ. ಕಿವಿ ಹಿಂದಕ್ಕೆ ಮಡಚಿ, ಕಣ್ಣಿನ ಪಾಪೆ ದೊಡ್ಡದಾಗಿ, ಬಾಲ ಹೊಟ್ಟೆಗೆ ಸುತ್ತಿಕೊಂಡಿರುತ್ತದೆ. “ಎಷ್ಟು ಕ್ಯೂಟ್” ಎಂದು ಕೆಳಗೆ ಕಾಮೆಂಟು. ಅದು ಭಯ. ಗುರ್ ಗುರ್ ಎನ್ನುತ್ತಿದೆ ಖುಷಿಯಾಗಿದೆ ಅನ್ನುವವರಿಗೂ ಒಂದು ಮಾತು: ನೋವಿನಲ್ಲಿ, ಭಯದಲ್ಲಿ ಕೂಡ ಬೆಕ್ಕು ಗುರ್ ಎನ್ನುತ್ತದೆ.

ಬಿ.ಕಾಂ ಓದುತ್ತಿರುವ ನನ್ನ ಭಾಯಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ಅವನು 1872ರ ಭಾರತೀಯ ಕರಾರು ಕಾಯ್ದೆಯ ಪುಸ್ತಕ ತೆರೆದು ‘ಬೈಲ್‌ಮೆಂಟ್’ ಎಂಬ ಭಾಗ ತೋರಿಸಿದ. ಒಬ್ಬರ ವಸ್ತುವನ್ನು ಇನ್ನೊಬ್ಬರು ಕೆಲವು ಕಾಲಕ್ಕೆ ಇಟ್ಟುಕೊಂಡು ಹಿಂದಿರುಗಿಸುವುದು. ಸಾಧಾರಣ ವಿವೇಕವಿರುವ ಮನುಷ್ಯ ತನ್ನ ಸ್ವಂತದ್ದನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ನೋಡಿಕೊಳ್ಳಬೇಕು ಎನ್ನುತ್ತದೆ 151ನೇ ಸೆಕ್ಷನ್. 163ರಲ್ಲಿ ಒಂದು ಹಸುವಿನ ಉದಾಹರಣೆಯೂ ಇದೆ: ಇಟ್ಟುಕೊಂಡಿದ್ದಾಗ ಹಸು ಕರು ಹಾಕಿದರೆ ಹಸುವಿನ ಜೊತೆ ಕರುವನ್ನೂ ಕೊಡಬೇಕು. ಶೇರು ಗಂಡು, ಆ ಚಿಂತೆ ನಮಗಿರಲಿಲ್ಲ. ನಮ್ಮ ಮನೆಮಾತಿನಲ್ಲಿ ಇದಕ್ಕೆ ಅಮಾನತ್ ಎನ್ನುತ್ತೇವೆ. ಪ್ರವಾದಿ (ಸ) ಮಕ್ಕಾ ಬಿಟ್ಟು ಹಿಜ್ರತ್ ಹೊರಟ ರಾತ್ರಿ ಕೂಡ, ತಮ್ಮ ವಿರೋಧಿಗಳು ಇಟ್ಟಿದ್ದ ಅಮಾನತ್ತುಗಳನ್ನು ವಾಪಸ್ ಕೊಟ್ಟು ಬರಲು ಹಜ್ರತ್ ಅಲೀ (ರ) ಅವರನ್ನು ಹಿಂದೆ ಬಿಟ್ಟಿದ್ದರು ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಹಣ, ಒಡವೆಯ ಅಮಾನತ್ತಿಗೂ ಜೀವದ ಅಮಾನತ್ತಿಗೂ ಒಂದು ವ್ಯತ್ಯಾಸವಿದೆ. ಒಡವೆಯನ್ನು ಬೀರುವಿನಲ್ಲಿಟ್ಟರೆ ಹಾಗೇ ಇರುತ್ತದೆ. ಬೆಕ್ಕು ಕೈಯಲ್ಲಿದ್ದರೂ ಒಳಗೊಳಗೇ ಕರಗಬಹುದು.

ಇದಕ್ಕೆಲ್ಲ ದುಡ್ಡೆಲ್ಲಿ ಎನ್ನುವವರಿಗೆ ನನ್ನ ಲೆಕ್ಕ: ಟಬ್ 70 ರೂಪಾಯಿ, ಕೋಳಿ ಅಂಗಡಿಗೆ ಹದಿನೈದು ದಿನಕ್ಕೆ 180 ರೂಪಾಯಿ. ಕಾಳು, ಮರಳು ಖಾಲಾ ಕೊಟ್ಟದ್ದು. ಡಬ್ಬ ಕಿರಾಣಿ ಅಂಗಡಿಯಲ್ಲಿ ಪುಕ್ಕಟೆ ಸಿಕ್ಕಿತು, ಬಿಸ್ಕತ್ತಿನದು.

ದುಡ್ಡಿಗಿಂತ ಎಚ್ಚರ ಬೇಕು. ನೆಲ ಒರೆಸಲು ಫಿನಾಯಿಲ್ ಹಾಕಿ ಬೆಕ್ಕನ್ನು ಬಿಡಬೇಡಿ, ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕುತ್ತದೆ, ಅದು ವಿಷ. ಬೀರುವಿನ ನುಸಿ ಗುಳಿಗೆಯೂ ಹಾಗೇ. ಮೈ ಬಿಸಿಯಾಗಿದೆ ಎಂದು ನಮ್ಮ ಜ್ವರದ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಹಾಲು ಎಷ್ಟೋ ದೊಡ್ಡ ಬೆಕ್ಕುಗಳಿಗೆ ಅರಗುವುದಿಲ್ಲ, ನೀರೇ ಸಾಕು. ಹೆದರಿದ ಬೆಕ್ಕು ಕಚ್ಚಿದರೆ, ಪರಚಿದರೆ ಅರಿಶಿನ ಮೆತ್ತಿ ಕೂರಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಎರಡನ್ನೂ ಮೊದಲ ದಿನವೇ ಮುಖಾಮುಖಿ ಮಾಡಿಸುವುದಂತೂ ಬೇಡ.

ಹಾಸ್ಟೆಲ್‌ನವರಿಗೆ ನನ್ನ ವಿನಂತಿ ಇನ್ನೂ ಒಂದಿದೆ. ಬೆಕ್ಕನ್ನು ಬಸ್ ಹೊರಡುವ ದಿನ ಬೆಳಿಗ್ಗೆ ಯಾರದೋ ಕೈಗೆ ತುರುಕಿ ಹೋಗಬೇಡಿ. ಹೀಗೆ ಕೈ ಬದಲಾದ ಬೆಕ್ಕುಗಳೇ ರಜೆ ಮುಗಿಯುವಷ್ಟರಲ್ಲಿ ‘ಎಲ್ಲೋ ಹೋಯ್ತು’ ಅನ್ನಿಸಿಕೊಳ್ಳುವುದು. ತಾಯಿ ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರೆ. ತಿರುಗಿಸಲಿ, ಅದಕ್ಕೆ ದಾರಿ ಗೊತ್ತು. ನಾವು ತಿರುಗಿಸಿದರೆ ಅದಕ್ಕೆ ಯಾವ ಮನೆಯೂ ಉಳಿಯುವುದಿಲ್ಲ.

ಹದಿನಾರನೆಯ ದಿನ ಖಾಲಾ ಜಮ್‌ಜಮ್ ನೀರು, ಖರ್ಜೂರ ಹಿಡಿದು ಬಂದರು. ಹಿಂದೆ ಹುಡುಗ, ಈಗ ಅವನಿಗೆ ಒಂಬತ್ತು. ಕೈಯಲ್ಲಿ ಅದೇ ತರಕಾರಿ ಬುಟ್ಟಿ. ಶೇರು ಅವನನ್ನು ನೋಡಿ ಓಡಿ ಬರಲಿಲ್ಲ, ಡಬ್ಬದೊಳಗೇ ಕೂತು ಮೂಸುತ್ತಿದ್ದ. ಹುಡುಗ ಕೈ ಹಾಕಲು ಹೊರಟ. ನಾನು “ನಕ್ಕೋ, ಕಾಯಿ” ಅಂದೆ. ಇಬ್ಬರೂ ನೆಲದ ಮೇಲೆ ಕೂತೆವು. ಹತ್ತು ನಿಮಿಷವಾಗಿರಬಹುದು. ಅವನು ಒಂದು ಸಲವೂ ಚಾಂದನಿಯ ಹೆಸರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಶೇರು ಎದ್ದು ಬಂದು ಅವನ ಮೊಣಕಾಲಿಗೆ ಕೆನ್ನೆ ಉಜ್ಜಿ, ತಾನೇ ಬುಟ್ಟಿಯೊಳಗೆ ಇಣುಕಿದ. ದುಪ್ಪಟ್ಟಾ ಸಮೇತ ಕಳಿಸಿಕೊಟ್ಟೆವು. ಮನೆಗೆ ಹೋದ ಮೇಲೂ ಒಂದು ದಿನ ಮಂಚದ ಕೆಳಗೇ ಇದ್ದನಂತೆ. ಯಾರೂ ಎಳೆಯಲಿಲ್ಲ ಎಂದು ಹುಡುಗ ಹೇಳಿ ಕಳಿಸಿದ್ದಾನೆ.

ಸಾಮಾನು ಕೋಣೆ ಈಗ ಖಾಲಿ ಇದೆ. ಪರೀಕ್ಷೆ ಮುಗಿದ ಮೇಲೆ ರಜೆಗೆ ಒಂದು ಬೆಕ್ಕನ್ನು ಇಟ್ಟುಕೊಳ್ಳಲು ಅಮ್ಮಿ ಒಪ್ಪಿದ್ದಾರೆ, ಒಂದನ್ನು ಮಾತ್ರ. ಬೇಕಿದ್ದವರು ಒಂದು ವಾರ ಮೊದಲೇ ವಾಣಿಜ್ಯ ವಿಭಾಗಕ್ಕೆ ಬಂದು ಹೇಳಿ. ಬರುವಾಗ ಅದು ತಿನ್ನುವ ಊಟ, ಒಂದು ಹಿಡಿ ಮರಳು, ಅದು ಮಲಗುವ ಬಟ್ಟೆ ತನ್ನಿ. ಬಟ್ಟೆಯನ್ನು ಒಗೆಯಬೇಡಿ.